ಒಡ್ಡು ಕಾದ ವರ್ಷಗಳು

ಸಂಸ್ಥಾನ ಹೋಗಿ ಜತ್ತ ಮುಂಬಯಿ ಪ್ರಾಂತಕ್ಕೆ ಸೇರಿದ ಮರುವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯವರ ಬಲಗಾಲಿನ ಮೇಲೆ ಕೆರೆಯ ಒಡ್ಡಿನ ಕಲ್ಲು ಉರುಳಿತು. ಒಡ್ಡಿನ ಒಳಮೈಗೆ ಹೊದಿಸಿದ ಕಲ್ಲುಗಳ ಸಂದಿಯಲ್ಲಿ ಒಂದು ಜಾಲಿ ಬೇರು ಬಿಟ್ಟಿತ್ತು. ಅದನ್ನು ಕೀಳಬೇಕೆಂದು ಅವರು ಹಾರೆ ಹಾಕಿ ಮೀಟಿದರು. ಬೇರಿನ ಜೊತೆಗೆ ಮೇಲಿನ ಕಲ್ಲೂ ಕಿತ್ತು ಬಂತು. ಮೊಣಕಾಲ ಕೆಳಗೆ ಎರಡು ಕಡೆ ಎಲುಬು ಮುರಿಯಿತು. ಶೇಗಾಂವದಿಂದ ಎಲುಬು ಕೂಡಿಸುವವರು ಬಂದು ಬಿದಿರಿನ ದಬ್ಬೆ ಕಟ್ಟಿ, ಆರು ತಿಂಗಳು ನೆಲಕ್ಕೆ ಕಾಲೂರಬಾರದು ಎಂದು ಹೇಳಿಹೋದರು.

ನಮ್ಮ ಮನೆಯವರು ಆ ಕೆರೆಯ ಪಾಟಕರಿ. ತೂಬು ತೆಗೆದು ಪಾಟಕ್ಕೆ, ಅಂದರೆ ಕಾಲುವೆಗೆ, ನೀರು ಬಿಡುವುದು, ಸರದಿಯ ಪ್ರಕಾರ ಹೊಲಗಳಿಗೆ ಹಂಚುವುದು, ಒಡ್ಡನ್ನು ನೋಡಿಕೊಳ್ಳುವುದು, ಇಷ್ಟು ಅವರ ಕೆಲಸ. ಅವರ ತಂದೆಯೂ ಅದೇ ಕೆಲಸ ಮಾಡಿದವರು. ಕೆರೆಯೇನೂ ದೊಡ್ಡದಲ್ಲ. ಎರಡು ದಿಬ್ಬಗಳ ನಡುವೆ ಹರಿಯುವ ಹಳ್ಳಕ್ಕೆ ಅಡ್ಡವಾಗಿ ಹಿಂದಿನ ಒಂದು ಬರಗಾಲದಲ್ಲಿ ಸಂಸ್ಥಾನದವರು ಹಾಕಿಸಿದ ಮಣ್ಣಿನ ಒಡ್ಡು. ನಡುವೆ ಮೂರಾಳು ಎತ್ತರ, ಎರಡೂ ತುದಿಗೆ ಮೊಣಕಾಲುದ್ದ. ಅದರ ಕೆಳಗೆ ಹನ್ನೆರಡು ಮನೆಯವರ ಹೊಲ, ಎರಡು ಸೇದುವ ಬಾವಿ. ಕೆರೆಯಲ್ಲಿ ನೀರು ನಿಂತರೆ ಆ ಬಾವಿಗಳಲ್ಲಿ ನೀರು, ಇಲ್ಲದಿದ್ದರೆ ಊರಿನ ಹೆಂಗಸರೆಲ್ಲ ಯಳವಿಯ ದಾರಿಯಲ್ಲಿ ಬಹುದೂರ ಕೊಡ ಹೊತ್ತು ನಡೆಯಬೇಕು.

ಮದುವೆಯಾಗಿ ಮೂರು ವರ್ಷವಾಗಿದ್ದರೂ ಅವರು ನನ್ನ ಜೊತೆ ಹೆಚ್ಚು ಮಾತಾಡಿದವರಲ್ಲ. ಸಿಟ್ಟಿನವರೂ ಅಲ್ಲ. ಬೆಳಿಗ್ಗೆ ಎದ್ದು ಒಡ್ಡಿಗೆ ಹೋದರೆ ಉಣ್ಣುವ ಹೊತ್ತಿಗೆ ಬರುವರು, ಉಂಡು ಹೊಲಕ್ಕೆ ಹೋಗುವರು. ನಾನು ವಿಜಾಪುರದ ಕಡೆಯ ಊರಿನವಳು. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತು ಬಂದವಳು. ಓದುವ ಬರೆಯುವ ಸೊಸೆ ಎಂದು ಅತ್ತೆಗೆ ಒಂದಿಷ್ಟು ಹೆಮ್ಮೆ ಇತ್ತು. ಆದರೆ ಆ ಅಕ್ಷರದಿಂದ ಮನೆಗೆ ಏನಾಗಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ, ನನಗೂ.

ಕಾಲು ಮುರಿದು ಮಲಗಿದ ಮೇಲೆ ಅವರು ನೋವಿಗೆ ನರಳಿದ್ದಕ್ಕಿಂತ ಒಡ್ಡಿನ ಚಿಂತೆಗೆ ಹೊರಳಿದ್ದೇ ಹೆಚ್ಚು. ದಿನಾ ಅಣ್ಣನನ್ನು, ಅಂದರೆ ನನ್ನ ಭಾವನನ್ನು, ಒಡ್ಡು ನೋಡಿ ಬಾ ಎಂದು ಕಳಿಸುವರು. ಭಾವ ಮನೆಯ ಹಿರಿಯ, ದುಡಿಯುವ ಮನುಷ್ಯ. ಆ ವರ್ಷ ನಮ್ಮ ಪಾಲಿನ ಹೊಲವನ್ನೂ ಅವರೇ ಉಳುತ್ತಿದ್ದರು. ಒಡ್ಡಿನ ತುದಿಯವರೆಗೆ ಹೋಗಿ ಬಂದು ಹೇಳುವರು:

“ಒಡ್ಡ ಎಲ್ಲಿ ಹೋಗತೈತಿ? ಇದ್ದಲ್ಲೇ ಐತಿ.”

ಇವರು ಮುಖ ಗೋಡೆಯ ಕಡೆ ತಿರುಗಿಸುವರು. ಎಂಟು ದಿನ ಇದನ್ನು ನೋಡಿದೆ. ಒಂಬತ್ತನೆಯ ದಿನ, ಬಟ್ಟೆ ಒಗೆಯಲು ಕೆರೆಗೆ ಹೊರಟವಳು, ನಾನೇ ನೋಡಿ ಬರುತ್ತೇನೆ ಎಂದು ಹೇಳಿದೆ. ಅವರು ಬೇಡವೆನ್ನಲಿಲ್ಲ.

ಬಂದು ಏನು ಹೇಳಬೇಕೋ ತಿಳಿಯಲಿಲ್ಲ. ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ, ಎಲ್ಲ ಸರಿಯಿದೆ ಎಂದೆ. ಅವರು ಕೇಳಿದರು:

“ಬುಡದಾಗ ಹುಲ್ಲ ಎಷ್ಟ ಕಡಿ ಹಸರ ಐತಿ?”

ನಾನು ಬುಡಕ್ಕೆ ಇಳಿದಿರಲೇ ಇಲ್ಲ. ಮರುದಿನ ಮತ್ತೆ ಹೋದೆ. ಬೇಸಿಗೆಯ ಕೊನೆ, ಸುತ್ತಲಿನ ಹುಲ್ಲೆಲ್ಲ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಡ್ಡಿನ ಹೊರಬದಿಯ ಬುಡದಲ್ಲಿ ಮೂರು ಕಡೆ ಮಾತ್ರ ಹಸಿರು ಹುಲ್ಲು ನಿಂತಿತ್ತು. ಎರಡು ಕಡೆ ಕಾಲಿಟ್ಟರೆ ಬರಿಯ ತಂಪು. ನಡುವಿನ ಕಡೆ, ಹಳೆಯ ಹಳ್ಳದ ಜಾಡಿನಲ್ಲಿ, ಹೆಜ್ಜೆಯಿಟ್ಟಲ್ಲಿ ನೀರು ಒಸರಿತು. ಬಂದು ಹಾಗೆಯೇ ಹೇಳಿದೆ. ಅವರು ಮೊಣಕೈ ಊರಿ ಅರ್ಧ ಎದ್ದು ಕುಳಿತರು. ಆ ನೀರನ್ನು ಬಿಳಿಯ ಪಿಂಗಾಣಿ ಬಟ್ಟಲಲ್ಲಿ ಹಿಡಿದು ತಾ, ಅಲುಗಿಸದೆ ಒಂದು ಹೊತ್ತು ಇಟ್ಟು ತಳ ನೋಡೋಣ ಎಂದರು.

“ತಿಳಿ ನೀರ ಬಂದ್ರ ಒಡ್ಡ ಬೆವರಾಕತ್ತೈತಿ ಅಂತ ತಿಳಿ. ರಾಡಿ ಬಂದ್ರ ಕರಗಾಕತ್ತೈತಿ ಅಂತ ತಿಳಿ.”

ಆ ದಿನ ಬಟ್ಟಲಿನ ತಳ ಸ್ವಚ್ಛವಿತ್ತು.

ಅಲ್ಲಿಂದ ದಿನಾ ಹೋಗುವುದೇ ರೂಢಿಯಾಯಿತು. ಅವರು ಹಾಸಿಗೆಯಲ್ಲಿ ಕುಳಿತು ಕೇಳುವರು, ನಾನು ನೋಡಿ ಬಂದು ಹೇಳುವೆ. ಇಲಿಯ ಬಿಲವೋ ಮುಂಗುಸಿಯ ಬಿಲವೋ, ಬಾಯಲ್ಲಿ ಹೊಸ ಮಣ್ಣು ಇದೆಯೋ ಇಲ್ಲವೋ. ನೆತ್ತಿಯ ಮೇಲೆ ಬಿರುಕು ಉದ್ದಕ್ಕೆ ಬಿಟ್ಟಿದೆಯೋ ಅಡ್ಡಕ್ಕೋ. ಉದ್ದದ ಬಿರುಕು ಬಿಸಿಲಿನದಿರಬಹುದು, ಅಡ್ಡ ಬಿರುಕಿದ್ದರೆ ನೀರು ಅದರಲ್ಲಿ ದಾರಿ ಹುಡುಕುತ್ತದೆ. ಬಿಲಕ್ಕೆ ಕೋಲು ಹಾಕಿ ಎಷ್ಟು ಆಳ ಹೋಯಿತು ಎಂದು ಕೋಲಿನ ಮೇಲೆ ಉಗುರಿನಿಂದ ಗೆರೆ ಎಳೆದು ತರುವೆ. ಜೇಡಿಮಣ್ಣು ಕಲೆಸಿ ಉಂಡೆ ಮಾಡಿ ಬಿಲದೊಳಗೆ ತುರುಕಿ, ಒನಕೆಯಿಂದ ಜಡಿಯುವುದನ್ನು ಕಲಿತೆ. ಜಾಲಿಯನ್ನು ಬೆರಳುದ್ದ ಇರುವಾಗಲೇ ಕೀಳುವುದನ್ನೂ ಕಲಿತೆ. ಮೂರು ವರ್ಷದಲ್ಲಿ ಆಡದಷ್ಟು ಮಾತು ನಾವು ಮೊದಲ ಮೂರು ತಿಂಗಳಲ್ಲೇ ಆಡಿದೆವು. ಎಲ್ಲವೂ ಒಡ್ಡಿನದೇ ಮಾತು, ಆದರೆ ನನಗೆ ಅದು ಸಾಕಿತ್ತು.

ಊರಿನಲ್ಲಿ ಆಡಿಕೊಂಡರು. ಸೆರಗು ಬಿಗಿದು ಕೋಲು ಹಿಡಿದು ಒಡ್ಡಿನ ಮೇಲೆ ತಿರುಗುವ ಹೆಂಗಸು ಎಂದರು. ಭಾವ ಕೂಡ ಅತ್ತೆಯ ಮುಂದೆ ಒಮ್ಮೆ ಈ ಮಾತು ತೆಗೆದರಂತೆ. ಅತ್ತೆ ಬರಗಾಲದ ಕೆಲಸದಲ್ಲಿ ಅದೇ ಒಡ್ಡಿಗೆ ಮಣ್ಣು ಹೊತ್ತವರು. ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಡದೆ ಹೇಳಿದರು:

“ನಾ ಅಲ್ಲಿ ಮಣ್ಣ ಹೊರೂ ಮುಂದ ಹೆಣಮಗಳು ಅಂತ ಯಾರೂ ಬುಟ್ಟಿ ಸಣ್ಣದ ಕೊಟ್ಟಿರಲಿಲ್ಲ. ಆಕಿ ಹೋಗಲಿ ಬಿಡು.”

ಅಷ್ಟಕ್ಕೇ ಆ ಮಾತು ನಿಂತಿತು.

ಒಡ್ಡಿಗೆ ನಿಜವಾದ ಕೇಡು ಇದ್ದದ್ದು ದನಗಳಿಂದ. ಊರಿನ ದನ ಮೇಯಲು ಆಚೆ ದಿಬ್ಬಕ್ಕೆ ಹೋಗುವಾಗ ಒಡ್ಡನ್ನು ಒಂದೇ ಜಾಗದಲ್ಲಿ ಹತ್ತಿ ಇಳಿಯುತ್ತಿದ್ದವು. ವರ್ಷಾನುಗಟ್ಟಲೆ ಗೊರಸು ತುಳಿದು ತುಳಿದು ಆ ಜಾಗ ಮೊಳದಷ್ಟು ಕುಸಿದು, ದೂರದಿಂದ ನೋಡಿದರೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಸಂಸ್ಥಾನದ ಕಾಲದಲ್ಲಿ ವರ್ಷಕ್ಕೊಮ್ಮೆ ಕಚೇರಿಯವರು ಬಂದು ಮಣ್ಣು ಹಾಕಿಸುತ್ತಿದ್ದರು. ವಿಲೀನವಾದ ಮೇಲೆ ಕಾಗದಪತ್ರ ಯಾವ ಕಚೇರಿಗೆ ಹೋದವೋ, ನೋಡಲು ಯಾರೂ ಬರಲಿಲ್ಲ. ನಾನು ಆ ದಾರಿಗೆ ಅಡ್ಡವಾಗಿ ಬಾರಿ ಗಿಡದ ಮುಳ್ಳು ಹಾಕಿದೆ. ಮರುದಿನ ಬೆಳಿಗ್ಗೆ ಯಾರೋ ತೆಗೆದು ಬದಿಗೆ ಎಸೆದಿದ್ದರು. ಮತ್ತೆ ಹಾಕಿದೆ. ಮತ್ತೆ ತೆಗೆದರು. ಕೈ ತುಂಬ ಮುಳ್ಳು ಚುಚ್ಚಿ ರೊಟ್ಟಿ ಬಡಿಯಲು ಆಗದಂತಾದರೂ ಬಿಡಲಿಲ್ಲ. ಒಂದೂವರೆ ತಿಂಗಳು ಹೀಗೇ ನಡೆಯಿತು. ಕೊನೆಗೆ ದನ ಕಾಯುವವರಿಗೇ ಬೇಸರವಾಗಿರಬೇಕು, ಒಡ್ಡಿನ ತುದಿ ಸುತ್ತಿ ಹೋಗತೊಡಗಿದರು. ಆದರೆ ಕುಸಿದ ಜಾಗ ಕುಸಿದೇ ಇತ್ತು. ಅದನ್ನು ಎತ್ತರಿಸಲು ಗಾಡಿಗಟ್ಟಲೆ ಮಣ್ಣು ಬೇಕು, ಒಬ್ಬರ ಕೈಲಾಗುವ ಕೆಲಸವಲ್ಲ.

ಆರು ತಿಂಗಳಾದ ಮೇಲೆ ದಬ್ಬೆ ಬಿಚ್ಚಿದರು. ಎಲುಬು ಕೂಡಿತ್ತು, ಆದರೆ ಕಾಲು ಸೊಟ್ಟಗಾಗಿ ಮೊಣಕಾಲು ಬಾಗುತ್ತಿರಲಿಲ್ಲ. ಕೋಲೂರಿಕೊಂಡು ಅಂಗಳದವರೆಗೆ ಬರುವರು. ಒಡ್ಡಿನ ಏರು ಹತ್ತುವುದು ಆಗದ ಮಾತು. ಹಾಗಾಗಿ ನನ್ನ ತಿರುಗಾಟ ನಿಲ್ಲಲಿಲ್ಲ.

ಮರುವರ್ಷದ ಬೇಸಿಗೆಯ ಮೊದಲಲ್ಲಿ ಬಟ್ಟಲಿನ ತಳದಲ್ಲಿ ತೆಳ್ಳಗೆ ಮಣ್ಣು ಕೂತಿತು. ಕಾಡಿಗೆ ತೀಡಿದಷ್ಟು, ಅದಕ್ಕಿಂತ ಹೆಚ್ಚಲ್ಲ. ಎರಡು ಸಲ, ಮೂರು ಸಲ ಹಿಡಿದು ನೋಡಿದೆ. ಕೆರೆಯಲ್ಲಿ ಆಗ ಇದ್ದ ನೀರೇ ಕಡಿಮೆ, ಅಷ್ಟಕ್ಕೇ ಮಣ್ಣು ಬರುತ್ತಿದೆ ಎಂದರೆ ಕೆರೆ ತುಂಬಿದಾಗ ಏನಾದೀತು? ಒಸರುವ ಬಾಯಿಗೆ ಜೇಡಿ ಜಡಿಯಲು ಮನೆಯವರು ಹೇಳಿದರು. ಜಡಿದೆ. ನಾಲ್ಕು ದಿನಕ್ಕೆ ಒಂದು ಮಾರು ಆಚೆ ನೀರು ಒಡೆಯಿತು. ಅಲ್ಲಿ ಜಡಿದರೆ ಈಚೆ ಒಡೆಯಿತು. ಅವರ ತಂದೆಯಿಂದ ಅವರು ಕಲಿತದ್ದು ಅಷ್ಟೇ. ಅದರ ಮುಂದೆ ಏನು ಮಾಡಬೇಕೆಂದು ಅವರಿಗೂ ತಿಳಿಯದು. ಅವರು ಸೋತು ಕೂತದ್ದನ್ನು ನಾನು ಮೊದಲ ಸಲ ನೋಡಿದೆ.

ನಾನು ಅರ್ಜಿ ಬರೆಯಲು ಕುಳಿತೆ. ಕನ್ನಡದಲ್ಲಿ ಬರೆದರೆ ಕಚೇರಿಯಲ್ಲಿ ಓದುವವರಿಲ್ಲ, ಮರಾಠಿಯಲ್ಲಿ ಬರೆಯಲು ನನಗೆ ಬಾರದು. ನಮ್ಮೂರಿನಲ್ಲಿ ಕಲ್ಲು ಕೆಲಸ ಮಾಡುವ ಒಬ್ಬ ಗೌಂಡಿ ಇದ್ದರು. ವಳಸಂಗದಿಂದ ಬಂದು ನೆಲೆಸಿದ ಮುಸಲ್ಮಾನರು. ಮನೆಯಲ್ಲಿ ದಖನಿ, ಊರಲ್ಲಿ ಕನ್ನಡ, ಕಂತ್ರಾಟಿನ ಕೆಲಸದಿಂದಾಗಿ ಮರಾಠಿ, ಮೂರೂ ಅವರಿಗೆ ಬರುತ್ತಿದ್ದವು. ಎಲ್ಲರೂ ಚಾಚಾ ಎನ್ನುತ್ತಿದ್ದೆವು. ನಾನು ಕನ್ನಡದಲ್ಲಿ ಓದಿದ್ದನ್ನು ಅವರು ಮರಾಠಿಗೆ ತಿರುಗಿಸಿ ಬರೆದು, ಕೆಲಸಕ್ಕೆ ಜತ್ತಕ್ಕೆ ಹೋದಾಗ ತಾವೇ ಕಚೇರಿಯಲ್ಲಿ ಕೊಟ್ಟು ಬಂದರು. ಒಂದು ತಿಂಗಳು ಕಾದೆವು. ಇನ್ನೊಂದು ಬರೆದೆವು. ಮೂರನೆಯದಕ್ಕೆ ಒಬ್ಬ ಓವರಸಿಯರ್ ಬಂದರು.

ತರುಣ ವಯಸ್ಸಿನವರು, ಸೈಕಲ್ ಮೇಲೆ ಬಂದು ಧೂಳಾಗಿದ್ದರು. ಮರಾಠಿಯವರು. ಪಾಟಕರಿ ಎಲ್ಲಿ ಎಂದು ಕೇಳಿದರು. ಚಾಚಾ ನನ್ನನ್ನು ತೋರಿಸಿದರು. ಅವರು ನಗಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ಒಸರು ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ನಾನು ದಿನ ಬಿಟ್ಟು ದಿನ ಹಿಡಿದ ನೀರಿನ ಲೆಕ್ಕ ಒಂದು ಸ್ಲೇಟಿನ ಪಾಟಿಯ ಮೇಲೆ ಬರೆದಿಟ್ಟಿದ್ದೆ, ಒಂದು ಕೊಡ ತುಂಬುವಷ್ಟರಲ್ಲಿ ನಾನು ನೂರರವರೆಗೆ ಎಷ್ಟು ಸಲ ಎಣಿಸಿದೆ ಎಂದು. ಅದನ್ನು ಚಾಚಾ ಓದಿ ಹೇಳಿದರು. ಓವರಸಿಯರ್ ಕೆಳಗೆ ಕುಕ್ಕರುಗಾಲಲ್ಲಿ ಕೂತು ಆ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿದರು.

ಜೇಡಿ ಜಡಿದದ್ದು ತಪ್ಪು ಎಂದರು. ನೀರನ್ನು ತಡೆಯಲು ಹೋಗಬೇಡಿ, ಅದು ಹೊರಗೆ ಬಂದೇ ಬರುತ್ತದೆ. ಅದರ ಜೊತೆ ಮಣ್ಣು ಬಾರದಂತೆ ನೋಡಿಕೊಳ್ಳಿ. ಒಸರುವ ಜಾಗವನ್ನು ಕೆರೆದು ಮೊದಲು ಸಣ್ಣ ಮರಳು ಹಾಸಿ, ಅದರ ಮೇಲೆ ದಪ್ಪ ಮರಳು, ಅದರ ಮೇಲೆ ಗರಸಿನ ಹರಳು, ಕೊನೆಗೆ ಕಲ್ಲು. ನೀರು ಸೋಸಿ ಹೋಗುತ್ತದೆ, ಮಣ್ಣು ಅಲ್ಲೇ ನಿಲ್ಲುತ್ತದೆ. ಹೀಗೆ ಹೇಳಿ ಕೋಲಿನಿಂದ ನೆಲದ ಮೇಲೆ ಗೀಚಿ ತೋರಿಸಿದರು. ಕೆಲಸ ಯಾವಾಗ ಮಾಡಿಸುತ್ತೀರಿ ಎಂದು ಚಾಚಾನ ಮೂಲಕ ಕೇಳಿಸಿದೆ. ಮಂಜೂರಿ ಬರಬೇಕು, ಮುಂದಿನ ವರ್ಷವಾಗಬಹುದು ಎಂದರು. ಹೋಗುವಾಗ ಇನ್ನೊಂದು ಮಾತು ಹೇಳಿದರು: ದಫ್ತರದಲ್ಲಿ ಇರುವುದು ನಿನ್ನ ಗಂಡನ ಹೆಸರು, ಅವರಿಗೆ ನಡೆಯಲು ಆಗುವುದಿಲ್ಲ ಎಂದು ನಾನು ಬರೆದರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ಹಾಗಾಗಿ ಅದನ್ನು ಬರೆಯುವುದಿಲ್ಲ. ನನ್ನ ಹೆಸರನ್ನೇ ಬರೆಯಬಹುದಲ್ಲ ಎಂದೆ. ಹೆಂಗಸರ ಹೆಸರು ಬರೆಯುವ ರೂಢಿ ಇಲ್ಲ ಎಂದರು. ಅದು ಅವರ ತಪ್ಪಲ್ಲ. ಆದರೂ ನನಗೆ ಬಂದ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ಮುಂದಿನ ವರ್ಷಕ್ಕೆ ಕಾಯುವಂತಿರಲಿಲ್ಲ. ಒಡ್ಡಿನ ಕೆಳಗೆ ಹೊಲವಿದ್ದ ಹನ್ನೆರಡು ಮನೆಗೂ ಹೋದೆ. ಮನೆಗೊಂದು ಆಳಿನಂತೆ ಮುಯ್ಯಿ ಬನ್ನಿ, ನಿಮ್ಮ ಹೊಲದ ಕಳೆಗೆ ನಾನು ಬರುತ್ತೇನೆ ಎಂದು ಕೇಳಿದೆ. ಗಂಡಸರು ಸರ್ಕಾರದ ಕೆಲಸ ಸರ್ಕಾರ ಮಾಡಲಿ ಎಂದರು. ಬಂದವರು ಹೆಂಗಸರು. ಅವರಿಗೆ ಸರ್ಕಾರಕ್ಕಿಂತ ಬಾವಿಯ ನೀರು ಹತ್ತಿರದ್ದು. ಹಳ್ಳದ ಮರಳನ್ನು ಜರಡಿ ಹಿಡಿದು ಸಣ್ಣದು ದಪ್ಪದು ಬೇರೆ ಮಾಡಿ, ಬುಟ್ಟಿಯಲ್ಲಿ ಹೊತ್ತೆವು. ಚಾಚಾ ಗರಸು ಹದ ನೋಡಿ ಹಾಸಿದರು, ಮೇಲಿನ ಕಲ್ಲನ್ನು ಒಂದೊಂದಾಗಿ ಕೂಡಿಸಿದರು. ಅತ್ತೆ ಬಂದು ಬುಟ್ಟಿ ಎತ್ತಿಕೊಡಲು ನಿಂತರು. ಎಂಟು ದಿನದ ಕೆಲಸ. ಒಂಬತ್ತನೆಯ ದಿನ ಕಲ್ಲಿನ ಸಂದಿಯಿಂದ ಬಂದ ನೀರನ್ನು ಬಟ್ಟಲಲ್ಲಿ ಹಿಡಿದು ಮನೆಗೆ ತಂದೆ. ತಳ ಸ್ವಚ್ಛವಿತ್ತು. ಮನೆಯವರು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿ, ತಮ್ಮ ತಂದೆಗೆ ಇದು ಗೊತ್ತಿದ್ದರೆ ಎಷ್ಟು ಶ್ರಮ ಉಳಿಯುತ್ತಿತ್ತು ಎಂದರು.

ಅದೇ ವರ್ಷ ಶ್ರಾವಣದಲ್ಲಿ ಭಾವ ಮತ್ತು ಇನ್ನಿಬ್ಬರು ಹೊಲದವರು ಕೂಡಿ ಕೋಡಿಯನ್ನು ಎತ್ತರಿಸಿದರು. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹೋಗಲು ಒಡ್ಡಿನ ಒಂದು ತುದಿಯಲ್ಲಿ ಬಿಟ್ಟ ಕಲ್ಲುಕಟ್ಟಿನ ದಾರಿ. ಅದರ ಮೇಲೆ ಕಲ್ಲಿಟ್ಟು, ಸಂದಿಗೆ ಹುಲ್ಲುಹೆಂಟೆ ತುರುಕಿ, ಮೊಳದಷ್ಟು ಕಟ್ಟೆ ಕಟ್ಟಿದ್ದರು. ಅವರು ದುಷ್ಟರೇನಲ್ಲ. ಒಂದು ಮೊಳ ನೀರು ಹೆಚ್ಚು ನಿಂತರೆ ಹಿಂಗಾರಿಯ ಗೋದಿಗೆ ಇನ್ನೊಂದು ನೀರು ಸಿಗುತ್ತದೆ. ಕೋಡಿ ಬಿದ್ದು ಹೋಗುವ ನೀರು ಯಾರಿಗೂ ಇಲ್ಲದೆ ಹೋಗುತ್ತದೆ. ಅವರ ಲೆಕ್ಕ ಅಷ್ಟೇ.

ನಾನು ಮನೆಗೆ ಬಂದು ಮನೆಯವರಿಗೆ ಹೇಳಿದೆ. ಅವರು, ಕುಸಿದ ಜಾಗಕ್ಕೂ ಈಗಿನ ಕೋಡಿಗೂ ಎಷ್ಟು ಅಂತರ ಇದೆ ನೋಡು ಎಂದರು. ಕೆರೆಯ ನೀರಿಗಿಂತ ದೊಡ್ಡ ಮಟ್ಟಗೋಲು ಇಲ್ಲ. ಗಾಳಿಯಿಲ್ಲದ ಒಂದು ಬೆಳಿಗ್ಗೆ ನಾನೂ ಚಾಚಾನೂ ನೀರಿನಂಚಿಗೆ ಕೋಲು ನೆಟ್ಟು, ದನದ ದಾರಿಯ ಕುಸಿದ ನೆತ್ತಿಯಿಂದ ಆ ಕೋಲಿಗೆ ಮಟ್ಟವಾಗಿ ದಾರ ಕಟ್ಟಿ, ದಾರದಿಂದ ನೀರಿನವರೆಗೆ ಅಳೆದೆವು. ಕೋಡಿಯ ಹತ್ತಿರವೂ ಹಾಗೇ ಅಳೆದೆವು. ಒಡ್ಡಿನ ಕುಸಿದ ಜಾಗ ಹೊಸ ಕಟ್ಟೆಗಿಂತ ನಾಲ್ಕು ಬೆರಳು ಮಾತ್ರ ಎತ್ತರವಿತ್ತು. ನೀರು ಕೋಡಿಯ ಮೇಲೆ ಜೋರಾಗಿ ಹರಿಯತೊಡಗಿದರೆ ಒಡ್ಡಿನ ಮೇಲೂ ಹರಿಯುತ್ತದೆ. ಮಣ್ಣಿನ ಒಡ್ಡಿನ ಮೇಲೆ ನೀರು ಒಮ್ಮೆ ಹತ್ತಿ ಇಳಿದರೆ ಮುಗಿಯಿತು.

ಆ ಕಾಲದಲ್ಲಿ ಸೊಸೆಯಂದಿರು ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅಳತೆಯ ದಾರವನ್ನು ಅತ್ತೆಯ ಕೈಯಲ್ಲಿ ಕೊಟ್ಟು ಹೇಳಿ ಕಳಿಸಿದೆ. ಭಾವ ಅತ್ತೆಗೆ ಹೇಳಿದ್ದು, ಕೋಡಿಯ ಮೇಲೆ ಅಷ್ಟು ನೀರು ಹತ್ತು ವರ್ಷಕ್ಕೊಮ್ಮೆ ಬರುತ್ತದೆ, ಈ ವರ್ಷವೇ ಬರುತ್ತದೆ ಎಂದು ಯಾರು ಬರೆದಿದ್ದಾರೆ? ಅಷ್ಟು ಹೆದರಿಕೆಯಿದ್ದರೆ ಕುಸಿದ ಜಾಗಕ್ಕೆ ಮಣ್ಣು ಹಾಕಿಸಿ ಎಂದು. ಅದು ನ್ಯಾಯವಾದ ಮಾತೇ. ಆದರೆ ಮಳೆಗಾಲದ ನಡುವೆ ಹಾಕಿದ ಹಸಿ ಮಣ್ಣು ನಿಲ್ಲುವುದಿಲ್ಲ. ಉಳಿದ ಇಬ್ಬರು, ನಿಮ್ಮ ಭಾವ ತೆಗೆದರೆ ನಾವೂ ತೆಗೆಯುತ್ತೇವೆ ಎಂದರು. ದಿನಗಳು ಹಾಗೇ ಹೋದವು.

ಉತ್ತರಿ ಮಳೆ ಚೆನ್ನಾಗಿ ಹೊಡೆದು ಕೆರೆ ಮುಕ್ಕಾಲು ತುಂಬಿತು. ಹಸ್ತಿ ಮಳೆ ಹಿಡಿದ ಎರಡನೆಯ ದಿನ ಬೆಳಿಗ್ಗೆ ನಾನು ಗೋಣಿಕೊಪ್ಪೆ ಹಾಕಿಕೊಂಡು ಒಡ್ಡಿಗೆ ಹೋದಾಗ ನೀರು ಕೋಡಿಯ ಹಳೆಯ ಕಲ್ಲನ್ನು ದಾಟಿ ಹೊಸ ಕಟ್ಟೆಯ ನಡುವಿನವರೆಗೆ ಬಂದಿತ್ತು. ಹಳ್ಳ ಕೆಂಪಾಗಿ ತುಂಬಿ ಬರುತ್ತಲೇ ಇತ್ತು. ಕುಸಿದ ಜಾಗಕ್ಕೆ ಓಡಿದೆ. ನೆತ್ತಿಗೂ ನೀರಿಗೂ ಒಂದು ಗೇಣು ಚಿಲ್ಲರೆ ಅಂತರ. ಗಾಳಿ ಬೀಸಿದಾಗ ಅಲೆಯ ಹನಿ ಆಚೆ ಬೀಳುತ್ತಿತ್ತು. ಮನೆಗೆ ಹೋಗಿ ಹೇಳಿ ಬರುವಷ್ಟು ಹೊತ್ತಿರಲಿಲ್ಲ. ಹಾರೆಯನ್ನು ನಾನು ಯಾವಾಗಲೂ ತೂಬಿನ ಗೂಡಿನಲ್ಲಿ ಇಡುತ್ತಿದ್ದೆ. ಅದನ್ನು ತಂದು ಕೋಡಿಯ ಮೇಲೆ ನಿಂತು ಮೇಲಿನ ಕಲ್ಲು ಮೀಟಿದೆ.

ಒಂದು ಕಲ್ಲು ಹೋಗಲು ಬಹಳ ಹೊತ್ತು ಹಿಡಿಯಿತು. ಹೆಂಟೆ ನೀರು ಕುಡಿದು ಅಂಟಿನಂತೆ ಹಿಡಿದಿತ್ತು. ಎರಡನೆಯದು, ಮೂರನೆಯದು. ಆಮೇಲೆ ನೀರು ಆ ಸಂದಿಯಿಂದ ನುಗ್ಗಿ ನನ್ನ ಮೊಣಕಾಲಿಗೆ ಬಡಿಯತೊಡಗಿತು. ಆ ಹೊತ್ತಿಗೆ ಭಾವ ಬಂದರು. ಕೆರೆ ಎಷ್ಟು ತುಂಬಿದೆ ಎಂದು ಸಂತೋಷದಿಂದ ನೋಡಲು ಬಂದವರು. ನನ್ನನ್ನು ನೋಡಿ ನಿಂತಲ್ಲೇ ನಿಂತರು.

“ಆ ಹಾರಿ ಕೆಳಗ ಇಡು,” ಎಂದರು. “ಎರಡ ವರ್ಷ ನಿಮಗ ರೊಟ್ಟಿ ಹಾಕಿದ್ದಕ್ಕ ಇದೇನ ಮರ್ಯಾದಿ?”

ಅವರು ಹೇಳಿದ್ದು ಸುಳ್ಳಲ್ಲ. ಅವರ ಜೊತೆ ಅದೇ ಮೊದಲ ಸಲ ನೇರವಾಗಿ ಮಾತಾಡಿದೆ.

“ರೊಟ್ಟಿ ಹಾಕೀರಿ, ನಾ ಮರತಿಲ್ಲ. ನನ್ನ ನೋಡಬ್ಯಾಡ್ರಿ. ದನದ ದಾರಿ ಕಡೆ ಹೋಗಿ ನೀರ ನೋಡಿ ಬರ್ರಿ. ಆಮ್ಯಾಲೂ ಇಡು ಅಂದ್ರ ಇಡತೀನಿ.”

ಅವರು ಸಿಟ್ಟಿನಿಂದಲೇ ಆ ಕಡೆ ನಡೆದರು. ನಾನು ಕಲ್ಲು ಮೀಟುವುದನ್ನು ನಿಲ್ಲಿಸಲಿಲ್ಲ. ಮಳೆಯಲ್ಲಿ ಅವರ ಬೆನ್ನು ಕುಸಿದ ಜಾಗದ ಹತ್ತಿರ ನಿಂತದ್ದು ಕಾಣಿಸಿತು. ಬಗ್ಗಿದರು. ಕೈಯನ್ನು ನೆಲಕ್ಕಿಟ್ಟರು. ಆಮೇಲೆ ಅವರು ವಾಪಸು ನಡೆದು ಬರಲಿಲ್ಲ, ಓಡಿ ಬಂದರು. ನನ್ನ ಕೈಯಿಂದ ಹಾರೆ ಕಸಿದುಕೊಂಡರು. ನನ್ನನ್ನು ಹೊಡೆಯುತ್ತಾರೆ ಎಂದುಕೊಂಡೆ. ಅವರು ಹಾರೆಯನ್ನು ಕಟ್ಟೆಯ ನಡುವಿಗೆ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಮೀಟಿದರು. ನಾನು ಕೈಯಿಂದ ಹೆಂಟೆ ಕಿತ್ತೆ. ಇಡೀ ಕಟ್ಟೆ ಒಮ್ಮೆಲೆ ಹೋದಾಗ ಭಾವ ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದರು.

ಕೋಡಿಯ ನೀರು ಹರಿದು ಹೋಗುವ ದಾರಿಯ ಬದಿಯಲ್ಲಿ ನಮ್ಮದೇ ಶೇಂಗಾದ ಹೊಲವಿತ್ತು. ಮೊದಲಿನಿಂದ ಸ್ವಲ್ಪ ಸ್ವಲ್ಪವಾಗಿ ಹೋಗಬೇಕಾಗಿದ್ದ ನೀರು ಒಂದೇ ಸಲಕ್ಕೆ ನುಗ್ಗಿ ಆ ಹೊಲದ ಅಂಚನ್ನು ಕೊಚ್ಚಿತು. ಕೀಳಲು ಬಂದಿದ್ದ ಶೇಂಗಾ ಬೇರು ಸಮೇತ ನೀರಿನಲ್ಲಿ ಹೋಯಿತು. ಅದರ ಹಿಂದೆ ಕಪ್ಪು ಮಣ್ಣು ತುಂಡು ತುಂಡಾಗಿ ಕುಸಿಯಿತು. ನಾವಿಬ್ಬರೂ ನಿಂತು ನೋಡಿದೆವು, ಮಾಡಲು ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುಸಿದ ಜಾಗದಲ್ಲಿ ನೀರು ಎರಡು ಗೇಣು ಕೆಳಗಿಳಿದಿತ್ತು. ಒಡ್ಡು ನಿಂತಿತು. ಸಂಜೆ ಮನೆಗೆ ಬಂದಾಗ ಊರಿನವರು ಅಂಗಳದಲ್ಲಿ ಕೂಡಿದ್ದರು. ಭಾವ ಅವರ ನಡುವೆ ಹಾದು ಒಳಗೆ ಹೋದರು. ಮನೆಯವರು ನನ್ನ ಕೈ ನೋಡಿದರು. ಎರಡೂ ಅಂಗೈ ಸುಲಿದು ಹೋಗಿತ್ತು. ಅರಿಸಿನ ಕಲೆಸಿ ಅವರೇ ಹಚ್ಚಿದರು.

ಆ ಚಳಿಗಾಲವಿಡೀ ಭಾವ ನನ್ನ ನೆರಳು ಕಂಡರೂ ಮುಖ ತಿರುಗಿಸುತ್ತಿದ್ದರು. ಅರ್ಧ ಹೊಲದ ಮೇಲ್ಮಣ್ಣು ಹೋಗಿತ್ತು. ಅದು ನನ್ನಿಂದ ಹೋಯಿತೋ ತಮ್ಮಿಂದ ಹೋಯಿತೋ ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಬಗೆಹರಿದಿರಲಿಲ್ಲ ಎಂದು ಕಾಣುತ್ತದೆ. ನನಗೂ ಸುಖವಿರಲಿಲ್ಲ. ಶ್ರಾವಣದಲ್ಲೇ, ನೀರಿಲ್ಲದಾಗಲೇ, ನಾನು ಆ ಕಟ್ಟೆ ಕಿತ್ತಿದ್ದರೆ ಹೊಲ ಉಳಿಯುತ್ತಿತ್ತು. ಭಾವನಿಗೆ ಹೆದರಿ ಬಿಟ್ಟೆ. ಈ ಮಾತನ್ನು ಮನೆಯವರಿಗೆ ಹೇಳಿದಾಗ ಅವರು ಇಲ್ಲವೆನ್ನಲಿಲ್ಲ. ಮುಂದೆ ಹಾಗೆ ಮಾಡಬೇಡ ಎಂದರು. ಸಮಾಧಾನ ಹೇಳದೆ ಇದ್ದುದೇ ನನಗೆ ಒಳ್ಳೆಯದಾಯಿತು.

ಬೇಸಿಗೆ ಬಂತು. ಕುಸಿದ ಜಾಗ ಎತ್ತರಿಸಲು ಮತ್ತೆ ಹನ್ನೆರಡು ಮನೆಗೆ ಹೋಗಬೇಕು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ, ಒಂದು ಬೆಳಿಗ್ಗೆ ಭಾವ ಅಂಗಳದಲ್ಲಿ ಗಾಡಿ ಹೂಡಿ ನಿಂತಿದ್ದರು. ನಾನು ಎದುರಿಗೇ ಇದ್ದೆ. ಅವರು ಅತ್ತೆಯ ಕಡೆ ತಿರುಗಿ ಹೇಳಿದರು:

“ಮುರುಮ ಎಲ್ಲಿಂದ ತರೂದು, ಆಕೀನ್ನ ಕೇಳು.”

ಅತ್ತೆ ನನ್ನನ್ನು ಕೇಳಿದರು. ಒಡ್ಡಿಗೆ ಹಾಕುವ ಆ ಹರಳುಮಣ್ಣು ಎಲ್ಲಿಯದು ಎಂದು ನಾನು ಅತ್ತೆಗೆ ಹೇಳಿದೆ. ಅತ್ತೆ ಭಾವನಿಗೆ ಹೇಳಿದರು. ಮೂರು ಮೊಳ ಅಂತರದಲ್ಲಿ ನಿಂತ ನಾವು ಮೂವರೂ ಹೀಗೆ ಆ ಬೇಸಿಗೆಯ ಕೆಲಸವನ್ನೆಲ್ಲ ಮಾತಾಡಿಕೊಂಡೆವು.

ಆ ಸಲ ಗಂಡಸರೂ ಬಂದರು. ಹಳೆಯ ಒಡ್ಡನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನೀರು ಚಿಮುಕಿಸಿ, ಗೇಣಿಗಿಂತ ಹೆಚ್ಚಿಲ್ಲದಂತೆ ಒಂದೊಂದು ಪದರ ಮಣ್ಣು ಹಾಕಿದೆವು. ನಡುವೆ ಕರಿಮಣ್ಣು, ಹೊರಗೆ ಮುರುಮು. ಪ್ರತಿ ಪದರ ಹಾಕಿದ ಮೇಲೂ ಧನಗರರ ಕುರಿ ಹಿಂಡನ್ನು ಅದರ ಮೇಲೆ ಹತ್ತಾರು ಸಲ ಹಾಯಿಸಿದೆವು. ಕುರಿಯ ಗೊರಸು ಸಣ್ಣದು, ಮಣ್ಣಿನೊಳಗೆ ಇಳಿದು ಗಟ್ಟಿ ಮಾಡುತ್ತದೆ. ದನದ ಕಾಲಿನಿಂದ ಕುಸಿದದ್ದನ್ನು ಕುರಿಯ ಕಾಲಿನಿಂದ ಕಟ್ಟಿದೆವು ಎಂದು ಚಾಚಾ ನಕ್ಕರು. ಅವಸರದಲ್ಲಿ ಯಾರೋ ದಪ್ಪ ಪದರ ಹಾಕಿದ್ದನ್ನು ನಾನು ಕಂಡು, ತೆಗೆದು ಮತ್ತೆ ಹಾಕಿ ಎಂದೆ. ಒಂದು ಮಧ್ಯಾಹ್ನದ ಕೆಲಸ ದಂಡವಾಯಿತು. ಗೊಣಗಿದರು, ಆದರೆ ತೆಗೆದರು.

ಕೆಲಸ ಮುಗಿಯುವ ಹೊತ್ತಿಗೆ ಮನೆಯವರು ಒಡ್ಡು ನೋಡಬೇಕು ಎಂದರು. ಭಾವ ಅವರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಒಡ್ಡಿನ ತುದಿಗೆ ತಂದರು. ಅಲ್ಲಿಂದ ಅವರು ಒಂದು ಕೈ ಕೋಲಿನ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ ಇಟ್ಟು ಎತ್ತರಿಸಿದ ಜಾಗದವರೆಗೆ ನಡೆದರು. ಅಷ್ಟು ದೂರಕ್ಕೆ ನಾಲ್ಕು ಸಲ ನಿಂತೆವು. ಕೋಲಿನ ತುದಿಯಿಂದ ಕುಟ್ಟಿ ಸದ್ದು ಕೇಳಿದರು. ಬಗ್ಗಲು ಆಗದ್ದರಿಂದ ಒಂದು ಹಿಡಿ ಮಣ್ಣು ಎತ್ತಿಕೊಡು ಎಂದು ಕೇಳಿ ಇಸಿದುಕೊಂಡು ಮೂಸಿದರು. ಹೊರಮೈ ಮಳೆಗೆ ಕೊರೆಯದಂತೆ ಕಲ್ಲು ಹೊದಿಸಬೇಕು ಎಂದರು.

ನಾನು ಬೇಡವೆಂದೆ. ಎರಡು ಮಳೆಗಾಲ ನಾನು ನೋಡಿದ್ದೆ. ಕಲ್ಲಿದ್ದ ಕಡೆ ಸಂದಿಯಲ್ಲಿ ಇಲಿ ಸೇರುತ್ತಿತ್ತು, ಬಿಲ ಬಿದ್ದದ್ದು ಕಾಣುತ್ತಿರಲಿಲ್ಲ. ಕರಕಿ ಹುಲ್ಲು ಹಬ್ಬಿದ ಕಡೆ ಮಣ್ಣು ಒಂದು ಬೆರಳೂ ಜಾರಿರಲಿಲ್ಲ. ಹೀಗೆಂದು ಹೇಳಿದೆ. ಅವರ ತಂದೆಯ ಕಾಲದಿಂದ ಕಲ್ಲೇ ಹೊದಿಸುತ್ತಿದ್ದರು, ಅದು ನನಗೆ ಗೊತ್ತಿತ್ತು. ಅವರು ಹುಲ್ಲಿದ್ದ ಕಡೆ ನೋಡಿದರು, ಕಲ್ಲಿದ್ದ ಕಡೆ ನೋಡಿದರು.

“ನೀ ನೋಡೀದಿ,” ಎಂದರು. “ಹಂಗ ಮಾಡು.”

ಮರುದಿನ ಬೆಳಿಗ್ಗೆ ಕುರ್ಪಿ, ಬುಟ್ಟಿ ತೆಗೆದುಕೊಂಡು ನಾವು ಆರು ಮಂದಿ ಹೆಂಗಸರು ಹಳ್ಳದ ದಂಡೆಗೆ ಕರಕಿಯ ಬೇರು ಅಗೆಯಲು ಹೋದೆವು. ಮೃಗಶಿರಕ್ಕೆ ಇನ್ನು ಹದಿನೈದು ದಿನವಿತ್ತು. ಗೇಣಿಗೊಂದು ಬೇರಿನಂತೆ ನೆಟ್ಟು, ಮಳೆ ಬರುವವರೆಗೆ ದಿನಾ ಎರಡು ಹೊತ್ತು ಕೊಡದಿಂದ ನೀರು ಹಾಕಿ ಬದುಕಿಸಿಕೊಳ್ಳಬೇಕಾಗಿತ್ತು.